‘ಅವರೆಲ್ಲ ಹೀಗೇ’ ಅನ್ನುವ ಮುನ್ನ

ಚನ್ನಗಿರಿಯ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಶೇಂಗಾ ಚಟ್ನಿಪುಡಿ ಕುಟ್ಟುವುದು ಹಳೆಯ ರೂಢಿ. ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಕುಟ್ಟಿದರೇ ರುಚಿ ಎಂದು ನನ್ನ ಹೆಂಡತಿಯ ಹಟ. ಆಕೆಗೆ ಮಣಿಕಟ್ಟಿನ ನೋವು ಶುರುವಾದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಇದೇ ಕುಟ್ಟಾಣಿಯಿಂದಾಗಿ ನಾನು ಪರದೇಶದಲ್ಲಿ ಒಮ್ಮೆ ಮೊಮ್ಮಗಳ ಎದುರು ತಲೆ ತಗ್ಗಿಸಬೇಕಾಯಿತು. ಆ ಕಥೆಯನ್ನು ನನ್ನ ವಯಸ್ಸಿನವರಿಗೂ ಮೊಮ್ಮಕ್ಕಳ ವಯಸ್ಸಿನವರಿಗೂ ಒಟ್ಟಿಗೆ ಹೇಳಬೇಕೆನಿಸಿದೆ.

2019ರ ಬೇಸಿಗೆಯಲ್ಲಿ ನಾವಿಬ್ಬರೂ ಜರ್ಮನಿಗೆ ಹೋಗಿದ್ದೆವು. ಮಗ ಅಲ್ಲಿಯ ಎಸ್ಲಿಂಗನ್ ಎಂಬ ಊರಿನಲ್ಲಿದ್ದಾನೆ. ಸ್ಟುಟ್‌ಗಾರ್ಟ್ ನಗರದ ಪಕ್ಕದ ಊರು. ನಮ್ಮ ಹೊನ್ನಾಳಿ ತುಂಗಭದ್ರೆಯ ದಂಡೆಯಲ್ಲಿರುವಂತೆ ಅದು ನೆಕಾರ್ ನದಿಯ ದಂಡೆಯಲ್ಲಿದೆ. ಹೊರಡುವ ಮುಂಚೆ ಬೆಳಗಿನ ವಾಕಿಂಗ್ ಗೆಳೆಯರು ಬೆಂಚಿನ ಮೇಲೆ ಕೂತು ನನಗೆ ಬೇಕಾದಷ್ಟು ಬುದ್ಧಿ ಹೇಳಿದರು. ‘ಅಲ್ಲಿಯವರು ನಗೋದೇ ಇಲ್ಲ ಕಣ್ರೀ’ ಎಂದರು ಒಬ್ಬರು. ‘ಅಪ್ಪ ಅಮ್ಮನಿಗೆ ವಯಸ್ಸಾದ ಕೂಡಲೇ ಆಶ್ರಮಕ್ಕೆ ಸೇರಿಸಿಬಿಡ್ತಾರೆ’ ಎಂದರು ಇನ್ನೊಬ್ಬರು. ‘ನಮ್ಮಂಥವರನ್ನು ಕಂಡರೆ ಅವರಿಗೆ ಆಗೋದಿಲ್ಲ’ ಎಂದರು ಮೂರನೆಯವರು. ಆ ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರೂ ಜರ್ಮನಿ ನೋಡಿದವರಲ್ಲ. ಆದರೂ ನಾನು ಎಲ್ಲವನ್ನೂ ಸೂಟ್‌ಕೇಸಿನ ಜೊತೆಗೇ ಹೊತ್ತುಕೊಂಡು ಹೋದೆ. ಸೂಟ್‌ಕೇಸಿನೊಳಗೆ ಬಟ್ಟೆಯಲ್ಲಿ ಸುತ್ತಿದ ಕುಟ್ಟಾಣಿಯೂ ಇತ್ತು.

ಹೋದ ಎರಡನೇ ಭಾನುವಾರ. ಮಗ ಸೊಸೆ ಇನ್ನೂ ಎದ್ದಿರಲಿಲ್ಲ. ನಾನು ಅಡುಗೆಮನೆಯ ನೆಲದ ಮೇಲೆ ಕೂತು, ಹುರಿದ ಶೇಂಗಾ ಹಾಕಿಕೊಂಡು ಕುಟ್ಟಲು ಶುರುಮಾಡಿದೆ. ಹತ್ತು ನಿಮಿಷ ಆಗಿರಬಹುದು, ಕರೆಗಂಟೆ ಬಾರಿಸಿತು. ಬಾಗಿಲು ತೆಗೆದರೆ ಕೆಳಗಿನ ಮನೆಯ ಹೆಂಗಸು. ನನಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು, ಬೆಳ್ಳಗಿನ ಕೂದಲು, ಮುಖದಲ್ಲಿ ನಗುವಿಲ್ಲ. ಜರ್ಮನ್ ಭಾಷೆಯಲ್ಲಿ ಏನೋ ಹೇಳಿದರು. ಮಧ್ಯೆ ಎರಡು ಸಲ ‘ಬಿಟ್ಟೆ, ಬಿಟ್ಟೆ’ ಎಂದದ್ದು ಮಾತ್ರ ಕಿವಿಗೆ ಬಿತ್ತು. ಇವರು ಏನನ್ನು ಬಿಟ್ಟರಪ್ಪಾ ಎಂದುಕೊಂಡೆ. ಗೋಣು ಆಡಿಸಿ ಬಾಗಿಲು ಹಾಕಿಕೊಂಡೆ.

ಒಳಗೆ ಬಂದು ಹೆಂಡತಿಗೆ ಹೇಳಿದೆ: ‘ನೋಡಿದೆಯಾ? ಹೇಳಿದ್ದರಲ್ಲ, ಈ ಜರ್ಮನ್ ಜನವೇ ಹೀಗೆ. ನಮ್ಮನ್ನು ಕಂಡರೆ ಇವರಿಗೆ ಆಗೋದಿಲ್ಲ.’

ಮೊಮ್ಮಗಳು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಆಗ ಅವಳಿಗೆ ಒಂಬತ್ತು ವರ್ಷ.

‘ಅಜ್ಜ, ಅವರು ಹಂಗೆ ಹೇಳಲಿಲ್ಲ. ಬಿಟ್ಟೆ ಅಂದ್ರೆ ದಯವಿಟ್ಟು ಅಂತ. ಮನೆಯವರು ಈಗ ತಾನೇ ಮಲಗಿದ್ದಾರೆ, ದಯವಿಟ್ಟು ಸದ್ದು ನಿಲ್ಲಿಸ್ತೀರಾ ಅಂತ ಕೇಳಿದರು.’

ನಾನು ಸುಮ್ಮನಾದೆ. ಆದರೆ ಅವಳು ಸುಮ್ಮನಾಗಲಿಲ್ಲ.

‘ಎಲ್ಲ ಜರ್ಮನರೂ ಹಂಗೇನಾ? ನಮ್ಮ ಟೀಚರೂ? ನನ್ನ ಫ್ರೆಂಡ್ಸೂ?’

ಉತ್ತರ ತೋಚಲಿಲ್ಲ. ಆಗ ಅವಳು ಇನ್ನೊಂದು ಮಾತು ಹೇಳಿದಳು. ಅದನ್ನು ಅಪ್ಪ ಅಮ್ಮನಿಗೂ ಹೇಳಿರಲಿಲ್ಲವಂತೆ. ಶಾಲೆಯಲ್ಲಿ ಊಟದ ಡಬ್ಬಿ ತೆಗೆದು ಚಪಾತಿಯನ್ನು ಕೈಯಲ್ಲಿ ಮುರಿದಾಗ ಪಕ್ಕದ ಹುಡುಗ, ‘ನೀವು ಇಂಡಿಯಾದವರೆಲ್ಲ ಕೈಯಲ್ಲೇ ತಿನ್ನೋದು, ನಿಮ್ಮಲ್ಲಿ ಚಮಚ ಇಲ್ಲ ಅಲ್ವಾ?’ ಎಂದಿದ್ದನಂತೆ. ಅವತ್ತಿನಿಂದ ಅವಳು ಡಬ್ಬಿಯಲ್ಲಿ ಬ್ರೆಡ್ ಮಾತ್ರ ಒಯ್ಯುತ್ತಿದ್ದಳು.

‘ಅವನೂ “ನೀವೆಲ್ಲ” ಅಂದ. ನೀನೂ “ಇವರೆಲ್ಲ” ಅಂದೆ’ ಎಂದು ಹೇಳಿ ಕೋಣೆಗೆ ಹೋದಳು.

ಮಕ್ಕಳೇ, ನಾನು ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಕ್ಕದಲ್ಲಿ ತಪ್ಪಾದರೆ ಎಲ್ಲಿ ತಪ್ಪಿತು ಎಂದು ಹಿಂದಿನ ಪುಟಗಳನ್ನು ತಿರುವಿ ಹುಡುಕುವುದು ನಮ್ಮ ಅಭ್ಯಾಸ. ಆ ಭಾನುವಾರ ಬಾಲ್ಕನಿಯಲ್ಲಿ ಕೂತು ನನ್ನದೇ ಪುಟಗಳನ್ನು ತಿರುವಿದೆ. ತಪ್ಪು ಸಿಕ್ಕಿದ್ದು ಬಹಳ ಹಿಂದೆ, ನ್ಯಾಮತಿಯಲ್ಲಿ.

ನ್ಯಾಮತಿ ಈಗ ತಾಲ್ಲೂಕು ಕೇಂದ್ರ. ನಾನು ಅಲ್ಲಿದ್ದಾಗ ಅದು ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದ ಮೇಲೆ ನಮ್ಮ ಚನ್ನಗಿರಿ, ಹೊನ್ನಾಳಿ ಎರಡೂ ಇತ್ತ ಬಂದವು. ನ್ಯಾಮತಿಯ ಸುತ್ತ ಲಂಬಾಣಿ ತಾಂಡಾಗಳು ಬಹಳ. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸೂರಗೊಂಡನಕೊಪ್ಪ ಇರುವುದೂ ಅಲ್ಲೇ. ಅದನ್ನು ಭಾಯಾಗಡ್ ಎಂದೂ ಕರೆಯುತ್ತಾರೆ.

1979ರ ಒಂದು ದಿನ. ಕನ್ನಡಿ ಚೂರು, ನಾಣ್ಯ, ಬಣ್ಣದ ದಾರಗಳ ಕಸೂತಿ ಹಾಕಿದ ಉಡುಪಿನ ಒಬ್ಬ ಹೆಂಗಸು ಎಮ್ಮೆ ಸಾಲಕ್ಕಾಗಿ ಖಾತೆ ತೆರೆಯಲು ಕೌಂಟರಿಗೆ ಬಂದರು. ಫಾರಂ ನಾನೇ ತುಂಬಿದೆ. ರುಜು ಹಾಕುವ ಜಾಗ ಬಂತು. ನಾನು ತಲೆ ಎತ್ತಿಯೂ ನೋಡದೆ ಅವರ ಕೈ ಹಿಡಿದೆಳೆದು ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಒತ್ತಿಬಿಟ್ಟೆ. ‘ಇಲ್ಲಿ ಒತ್ತು’ ಎಂದೆ. ‘ಒತ್ತಿರಿ’ ಎನ್ನಲಿಲ್ಲ. ‘ರುಜು ಬರುತ್ತಾ?’ ಎಂದು ಕೇಳಲೂ ಇಲ್ಲ.

ಅವರು ಕೈ ಬಿಡಿಸಿಕೊಂಡರು. ‘ಪೆನ್ನು ಕೊಡ್ರಿ ಸಾಹೇಬ್ರೆ’ ಎಂದರು. ಕೊಟ್ಟೆ. ಕಾರ್ಡಿನ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ, ಪೂರ್ತಿ ಹೆಸರನ್ನು ಕನ್ನಡದಲ್ಲಿ ಬರೆದರು. ಬೆರಳಿಗೆ ಅಂಟಿದ್ದ ಶಾಯಿ ಹೆಸರಿನ ಪಕ್ಕದಲ್ಲೇ ಕಲೆಯಾಗಿ ಉಳಿಯಿತು. ಜವಾನ ಆಶ್ಚರ್ಯದಿಂದ ಕೇಳಿದ್ದಕ್ಕೆ, ಶಾಲೆಗೆ ಹೋಗುವ ಮಗಳು ರಾತ್ರಿ ಹೊತ್ತು ಕೂರಿಸಿಕೊಂಡು ಕಲಿಸಿದಳು ಎಂದರಂತೆ. ಅವತ್ತು ಮಧ್ಯಾಹ್ನ ನಾವೆಲ್ಲ ಅದನ್ನು ಒಂದು ಸೋಜಿಗದ ಸುದ್ದಿಯಂತೆ ಮಾತಾಡಿಕೊಂಡೆವು. ನಾನು ಮಾಡಿದ್ದು ಅವಮಾನ ಎಂದು ಆಗ ನನಗೆ ಹೊಳೆಯಲೇ ಇಲ್ಲ. ‘ತಾಂಡಾದವರಿಗೆ ಓದು ಬರೋದಿಲ್ಲ’ ಎಂದು ಯಾರೋ ಹೇಳಿದ್ದನ್ನು ನಂಬಿ, ಎದುರಿಗೆ ನಿಂತ ಒಬ್ಬ ತಾಯಿಯನ್ನೇ ನಾನು ನೋಡಿರಲಿಲ್ಲ.

ಇನ್ನೊಂದು ಪುಟ ಜಗಳೂರಿನದು. ಅಲ್ಲಿಗೆ ವರ್ಗವಾದಾಗ ‘ಬರದ ಸೀಮೆ, ಸಾಲ ಕೊಟ್ಟರೆ ವಾಪಸ್ ಬರೋದಿಲ್ಲ’ ಎಂದು ಕೆಲವರು ಹೆದರಿಸಿದ್ದರು. ಏಪ್ರಿಲ್ ಬಿಸಿಲಲ್ಲಿ ಮೇಲಧಿಕಾರಿಗಳ ಜೊತೆ ಸಾಲ ವಸೂಲಿಗೆಂದು ಒಂದು ಹಳ್ಳಿಗೆ ಹೋದೆವು. ಆ ಮನೆಯ ಅಜ್ಜಿ ‘ಬಿಸಿಲಾಗೆ ಬಂದೀರಿ, ಕೈಕಾಲು ತೊಳಕಳ್ರಿ’ ಎಂದು ಚೊಂಬಿನಲ್ಲಿ ನೀರು ಕೊಟ್ಟರು. ನಾನು ಅಡಿಕೆ ತೋಟದ ಸೀಮೆಯಿಂದ ಹೋದವನು. ಸೂಳೆಕೆರೆಯ ನೀರು ಕಂಡವನು. ಇಡೀ ಚೊಂಬನ್ನು ಕಾಲಿಗೆ ಸುರಿದುಕೊಂಡು, ‘ಇನ್ನೊಂದು ಚೊಂಬು ಕೊಡಿ ಅಜ್ಜಿ’ ಎಂದೆ. ಅಜ್ಜಿ ಮರುಮಾತಿಲ್ಲದೆ ತಂದುಕೊಟ್ಟರು. ಆಮೇಲೆ ಕುಡಿಯಲು ಬೆಲ್ಲ, ನೀರು ಕೊಟ್ಟರು.

ಹೊರಡುವಾಗ ನೋಡಿದೆ. ಆ ಮನೆಯ ಹೆಣ್ಣುಮಗಳು ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ದೂರದ ಬಾವಿಯಿಂದ ಬರುತ್ತಿದ್ದಳು. ಅದು ಅವತ್ತಿನ ಮೂರನೇ ಸಲವಂತೆ. ನಾನು ಕಾಲಿಗೆ ಸುರಿದುಕೊಂಡದ್ದು ಅವಳ ನಡಿಗೆಯನ್ನು. ಸಾಲದ ವಿಷಯಕ್ಕೆ ಬಂದರೆ, ಆ ಮನೆಯವರು ಶೇಂಗಾ ಮಾರಿದ ಮರುವಾರವೇ ಬಂದು ಕಂತು ಕಟ್ಟಿದರು.

ಒಬ್ಬರ ಮನೆಗೆ, ಊರಿಗೆ ಹೋದಾಗ ಅಲ್ಲಿ ಯಾವುದು ಅಪರೂಪ, ಯಾವುದಕ್ಕೆ ಬೆಲೆ ಎಂದು ಮೊದಲು ತಿಳಿಯಬೇಕು. ಜಗಳೂರಿನ ಆ ಮನೆಯಲ್ಲಿ ನೀರಿಗೆ ಬೆಲೆ. ಎಸ್ಲಿಂಗನ್ನಿನಲ್ಲಿ ಭಾನುವಾರದ ಮೌನಕ್ಕೆ ಬೆಲೆ. ಮಗ ಎದ್ದ ಮೇಲೆ ವಿವರಿಸಿದ. ಅಲ್ಲಿ ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೂ ಹಾಗೆಯೇ. ಇದು ನಮಗಾಗಿ ಮಾಡಿದ ಕಟ್ಟಳೆಯಲ್ಲ, ಅಲ್ಲಿ ಹುಟ್ಟಿದವರಿಗೂ ಅದೇ. ನನ್ನ ಬಣ್ಣ ನೋಡಿ ಆ ಹೆಂಗಸು ಮೇಲೆ ಬಂದಿರಲಿಲ್ಲ. ನನ್ನ ಕುಟ್ಟಾಣಿಯ ಸದ್ದು ಕೇಳಿ ಬಂದಿದ್ದರು.

ಮಾರನೆಯ ದಿನ ಸಂಜೆ ಮೊಮ್ಮಗಳನ್ನು ಕೇಳಿದೆ: ‘ನನ್ನ ಜೊತೆ ಕೆಳಗಿನ ಮನೆಗೆ ಬರ್ತೀಯಾ? ತಪ್ಪಾಯ್ತು ಅಂತ ಹೇಳಬೇಕು.’ ಅವಳು ಚಪ್ಪಲಿ ಹಾಕಿಕೊಂಡು ನನಗಿಂತ ಮೊದಲೇ ಮೆಟ್ಟಿಲಲ್ಲಿ ನಿಂತಿದ್ದಳು.

ಆ ಮನೆಯ ಬಾಗಿಲಲ್ಲಿ ನಾನು ಚಪ್ಪಲಿ ಬಿಟ್ಟದ್ದನ್ನು ಕಂಡು ಅವರ ಮುಖ ಅರಳಿತು. ಅವರೂ ಮನೆಯೊಳಗೆ ಹೊರಗಿನ ಚಪ್ಪಲಿ ಹಾಕುತ್ತಿರಲಿಲ್ಲ. ನಮ್ಮ ಅಡುಗೆಮನೆಯ ಸರಿಯಾಗಿ ಕೆಳಗೆ ಒಂದು ಕೋಣೆ. ಅದರಲ್ಲಿ ಅವರ ಗಂಡ ಮಲಗಿದ್ದರು. ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷ. ಊಟ ಮಾಡಿಸುವುದು, ಮೈ ಒರೆಸುವುದು, ಮಗ್ಗುಲು ತಿರುಗಿಸುವುದು ಎಲ್ಲವನ್ನೂ ಬಹುಮಟ್ಟಿಗೆ ಆಕೆಯೇ ಮಾಡುತ್ತಿದ್ದರು. ದಿನಕ್ಕೊಮ್ಮೆ ನರ್ಸ್ ಒಬ್ಬರು ಬಂದು ಹೋಗುತ್ತಿದ್ದರು. ಬೇರೆ ಊರಿನಲ್ಲಿದ್ದ ಮಗಳು ವಾರಕ್ಕೊಮ್ಮೆ ಬರುತ್ತಿದ್ದಳು. ಶನಿವಾರ ರಾತ್ರಿಯೆಲ್ಲ ಅವರಿಗೆ ನಿದ್ದೆ ಬಂದಿರಲಿಲ್ಲವಂತೆ, ಬೆಳಗಿನ ಜಾವ ಕಣ್ಣು ಮುಚ್ಚಿದ್ದರಂತೆ. ಅವರ ತಲೆಯ ಮೇಲೆಯೇ ನಾನು ಶೇಂಗಾ ಕುಟ್ಟಿದ್ದೆ.

‘ವಯಸ್ಸಾದವರನ್ನು ಆಶ್ರಮಕ್ಕೆ ಸೇರಿಸಿಬಿಡ್ತಾರೆ’ ಎಂಬ ಬೆಂಚಿನ ಮಾತು ನೆನಪಾಯಿತು. ಸೇರಿಸುವವರು ಇದ್ದಾರು, ನಮ್ಮಲ್ಲಿ ಇಲ್ಲವೇ? ಆದರೆ ಆ ಕೋಣೆಯಲ್ಲಿ ಹಾಸಿಗೆಯ ಪಕ್ಕ ಒಂದು ಕುರ್ಚಿ ಇತ್ತು. ಕೂತು ಕೂತು ಅದರ ದಿಂಬು ತಗ್ಗು ಬಿದ್ದಿತ್ತು. ನಾನು ಬಹಳ ಹೊತ್ತು ಆ ದಿಂಬನ್ನೇ ನೋಡಿದೆ.

ಅವರಿಗೂ ನಮ್ಮ ಬಗ್ಗೆ ಒಂದಿಷ್ಟು ತಿಳಿವಳಿಕೆ ಇತ್ತು, ಅದೂ ನನ್ನದರಂತೆಯೇ ಅರೆಬರೆ. ‘ನೀವಿಬ್ಬರೂ ಮಾತಾಡುವುದು ಇಂಡಿಯನ್ ಭಾಷೆಯೇ?’ ಎಂದು ಕೇಳಿದರು. ಮೊಮ್ಮಗಳು ನಕ್ಕಳು. ನಾನು ನಗಲಿಲ್ಲ. ತಿಳಿದುಕೊಳ್ಳಲು ಕೇಳುವ ಪ್ರಶ್ನೆ ತಪ್ಪಾಗಿದ್ದರೂ ಅದರಲ್ಲಿ ಕೆಡುಕಿಲ್ಲ. ‘ನಮ್ಮದು ಕನ್ನಡ’ ಎಂದೆ. ‘ನಿಮ್ಮ ಈ ಊರಿಗೂ ಕನ್ನಡಕ್ಕೂ ಹಳೆಯ ನಂಟಿದೆ’ ಎಂದೆ.

ನಿಮಗೂ ಹೇಳುತ್ತೇನೆ. ಜುಲೈ 1ನ್ನು ನಾವು ಪತ್ರಿಕಾ ದಿನ ಎಂದು ಆಚರಿಸುತ್ತೇವಲ್ಲ, ಯಾಕೆ? 1843ರ ಆ ದಿನ ‘ಮಂಗಳೂರ ಸಮಾಚಾರ’ ಎಂಬ ಮೊದಲ ಕನ್ನಡ ಪತ್ರಿಕೆ ಹೊರಬಂತು. ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ತಂದವರು ಜರ್ಮನಿಯಿಂದ ಬಂದ ಹರ್ಮನ್ ಮೊಗ್ಲಿಂಗ್. ಅವರು ಕೊನೆಯುಸಿರೆಳೆದದ್ದು 1881ರಲ್ಲಿ, ಇದೇ ಎಸ್ಲಿಂಗನ್ನಿನಲ್ಲಿ. ಆ ಹೆಂಗಸು ಹುಟ್ಟಿ ಬೆಳೆದ ಊರು ಅದು, ಆದರೂ ಅವರಿಗೆ ಈ ವಿಷಯ ಗೊತ್ತಿರಲಿಲ್ಲ. ನಮ್ಮ ಚನ್ನಗಿರಿಯಲ್ಲಿ ಎಷ್ಟು ಜನರಿಗೆ ಗೊತ್ತಿದೆ?

ಎರಡು ವಾರ ಕಳೆದು ಮೊಮ್ಮಗಳನ್ನು ಕರೆದುಕೊಂಡು ಟ್ಯೂಬಿಂಗನ್ ಎಂಬ ಊರಿಗೆ ಹೋದೆ. ರೈಲಿನಲ್ಲಿ ಸುಮಾರು ಒಂದು ಗಂಟೆ. ಅದೂ ನೆಕಾರ್ ದಂಡೆಯ ಊರೇ. ನಮ್ಮ ಕನ್ನಡ ನಿಘಂಟಿನ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಅಲ್ಲಿ. ನದಿಯ ಪಕ್ಕ ಕೂತು ಅವಳಿಗೆ ಕಿಟೆಲ್ ಕಥೆ ಹೇಳಿದೆ. 1853ರಲ್ಲಿ ಕರ್ನಾಟಕಕ್ಕೆ ಬಂದಾಗ ಅವರಿನ್ನೂ 21 ವರ್ಷದ ಯುವಕ. ಬಂದದ್ದು ಬಾಸೆಲ್ ಮಿಷನ್ನಿನ ಪರವಾಗಿ, ತಮ್ಮ ಧರ್ಮವನ್ನು ಹೇಳಲು. ಆದರೆ ಹೇಳುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಂಡರು. ಜನರ ಮಾತು, ಗಾದೆ, ಹಳೆಯ ಕಾವ್ಯ ಎಲ್ಲವನ್ನೂ ಕೂಡಿಸಿದರು. ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ, 70 ಸಾವಿರದಷ್ಟು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೊಗ್ಲಿಂಗ್ ಕೂಡ ಹಾಗೆಯೇ, ತಾವು ಬೇರೆ ಧರ್ಮದವರಾಗಿದ್ದೂ ಬಸವಪುರಾಣ, ದಾಸರ ಪದಗಳು, ಜೈಮಿನಿ ಭಾರತಗಳನ್ನು ಅಚ್ಚು ಹಾಕಿಸಿದರು.

‘ಅವರಿಗೆ ಯಾರೂ “ಇಂಡಿಯಾದವರೆಲ್ಲ ಹಿಂಗೇ” ಅಂತ ಹೇಳಿರಲಿಲ್ವಾ ಅಜ್ಜ?’ ಎಂದಳು.

‘ಹೇಳಿರ್ತಾರೆ. ಆದ್ರೆ ಭಾಷೆ ಕಲಿತರೆ ಒಬ್ಬೊಬ್ಬರ ಮಾತೂ ಬೇರೆ ಬೇರೆ ಕೇಳಿಸುತ್ತೆ. ಆಗ “ಎಲ್ಲ” ಅನ್ನೋದು ಬಾಯಿಗೆ ಬರೋದಿಲ್ಲ.’

‘ಹಂಗಾದ್ರೆ ನೀನು “ಇವರೆಲ್ಲ” ಅನ್ನೋದನ್ನ ಬಿಟ್ಟೆಯಾ?’

‘ಬಿಟ್ಟೆ’ ಎಂದೆ.

‘ಪ್ಲೀಸ್ ಅಂದೆಯಾ, ಬಿಟ್ಟೆ ಅಂದೆಯಾ?’ ಎಂದು ಕೇಳಿ ನಕ್ಕಳು. ‘ಎರಡೂ’ ಎಂದೆ.

ಮರುದಿನ ಅವಳು ಡಬ್ಬಿಗೆ ಚಪಾತಿ ಹಾಕಿಸಿಕೊಂಡಳು, ಚಟ್ನಿಪುಡಿಯನ್ನೂ. ಆ ಹುಡುಗನಿಗೆ, ‘ನಮ್ಮ ಮನೆಯಲ್ಲಿ ಚಮಚ ಇದೆ. ಚಪಾತಿಯನ್ನು ಚಮಚದಲ್ಲಿ ಮುರಿಯೋಕೆ ಆಗುತ್ತಾ, ನೀನೇ ನೋಡು’ ಎಂದು ಒಂದು ತುಂಡು ಕೊಟ್ಟಳಂತೆ. ಅವನು ಖಾರಕ್ಕೆ ಕಣ್ಣೀರು ಸುರಿಸಿ, ನೀರು ಕುಡಿದು, ಇನ್ನೊಂದು ತುಂಡು ಕೇಳಿದನಂತೆ.

ಉಳಿದ ದಿನಗಳಲ್ಲಿ ನಾನೂ ಒಂದಿಷ್ಟು ಕಲಿತೆ. ಕೆಂಪು ದೀಪ ಇದ್ದಾಗ ರಸ್ತೆ ಖಾಲಿ ಇದ್ದರೂ ಅಲ್ಲಿಯವರು ಸಾಮಾನ್ಯವಾಗಿ ದಾಟುವುದಿಲ್ಲ. ದಾಟಿದರೆ ಐದು ಯೂರೋ ದಂಡವಿದೆ. ಆದರೆ ಅನೇಕರು ನಿಲ್ಲುವುದು ದಂಡಕ್ಕೆ ಹೆದರಿ ಅಲ್ಲ, ಪಕ್ಕದಲ್ಲಿ ನಿಂತ ಮಗು ನೋಡಿ ಕಲಿಯುತ್ತದೆ ಎಂದು. ಪಾರ್ಕಿನಲ್ಲಿ ಜೋಕಾಲಿ ಆಡುತ್ತಿದ್ದ ಯಾರದೋ ಮಕ್ಕಳು ಮುದ್ದಾಗಿ ಕಂಡವೆಂದು ಮೊಬೈಲಿನಲ್ಲಿ ಫೋಟೋ ತೆಗೆದೆ. ಅವುಗಳ ತಾಯಿ ಬಂದು, ದಯವಿಟ್ಟು ಅಳಿಸಿ ಎಂದರು. ಈ ಸಲ ‘ಬಿಟ್ಟೆ’ ಅರ್ಥವಾಯಿತು, ತಕ್ಷಣ ಅಳಿಸಿದೆ. ಅವರು ನಕ್ಕರು. ಜರ್ಮನರು ನಗುತ್ತಾರೆ. ನಾವು ನಗುವಂತೆ ನಡೆದುಕೊಳ್ಳಬೇಕು, ಅಷ್ಟೇ.

ವಿದೇಶಕ್ಕೆ ಹೊರಟ ನನ್ನ ವಯಸ್ಸಿನವರಿಗೆ ನಾನು ಹೇಳುವುದು ಇಷ್ಟು. ಆ ಭಾಷೆಯ ನಾಲ್ಕು ಮಾತು ಕಲಿತು ಹೋಗಿ: ನಮಸ್ಕಾರ, ದಯವಿಟ್ಟು, ಕ್ಷಮಿಸಿ, ಧನ್ಯವಾದ. ಗೊತ್ತಿಲ್ಲದ್ದನ್ನು ಕೇಳಿ, ಕೇಳಿದರೆ ಯಾರೂ ಚಿಕ್ಕವರಾಗುವುದಿಲ್ಲ. ಅಲ್ಲಿಯವರಿಗೆ ನೀವೇ ಚನ್ನಗಿರಿ, ನೀವೇ ಕರ್ನಾಟಕ. ನಿಮ್ಮೊಬ್ಬರನ್ನು ನೋಡಿ ಎಲ್ಲರನ್ನೂ ಅಳೆಯುತ್ತಾರೆ. ಅದು ಸರಿಯಲ್ಲ, ಆದರೆ ಹಾಗೆ ಆಗುತ್ತದೆ. ನೀವು ಮಾತ್ರ ಹಾಗೆ ಅಳೆಯಬೇಡಿ. ಮಕ್ಕಳೇ, ಇದನ್ನು ಕಲಿಯಲು ನೀವು ವಿಮಾನ ಹತ್ತಬೇಕಾಗಿಲ್ಲ. ನಿಮ್ಮ ತರಗತಿಗೆ ಬೇರೆ ಊರಿನಿಂದ ಬಂದು ಸೇರಿದ ಹುಡುಗನ ಪಕ್ಕ ಕೂತರೆ ಸಾಕು.

ಕಳೆದ ವರ್ಷ ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ಭಾಯಾಗಡ್‌ಗೆ ಹೋಗಿದ್ದೆ. ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಜನ ಬಂದಿದ್ದರು. ಕನ್ನಡಿ ಕಸೂತಿಯ ಉಡುಪಿನ ಅಜ್ಜಿಯರನ್ನು ಕೆಲವು ಹುಡುಗರು ಕೇಳದೆಯೇ ಮೊಬೈಲಿನಲ್ಲಿ ಸೆರೆಹಿಡಿಯುತ್ತಿದ್ದರು. ನಾನು ಒಬ್ಬ ಅಜ್ಜಿಯ ಹತ್ತಿರ ಹೋಗಿ, ‘ಅವ್ವ, ನಿಮ್ಮದೊಂದು ಫೋಟೋ ತಗೊಳ್ಳಲಾ?’ ಎಂದೆ. ಆಕೆ, ‘ನಂದ್ಯಾಕೆ? ನನ್ನ ಮೊಮ್ಮಗಳದು ತಗೀರಿ, ಇಂಜಿನಿಯರಿಂಗ್ ಓದ್ತಾಳೆ’ ಎಂದು ಪಕ್ಕದಲ್ಲಿದ್ದ ಹುಡುಗಿಯನ್ನು ಮುಂದೆ ತಳ್ಳಿದರು. ಕೊನೆಗೆ ಇಬ್ಬರದೂ ಒಟ್ಟಿಗೆ ತೆಗೆದೆ.

ನಿಜ ಹೇಳಬೇಕೆಂದರೆ ಆ ಜಾತ್ರೆಯಲ್ಲಿ ನಾನು ಒಂದು ಮುಖವನ್ನು ಹುಡುಕುತ್ತಿದ್ದೆ. 1979ರಲ್ಲಿ ಕೌಂಟರಿಗೆ ಬಂದ ಆ ತಾಯಿಗೆ ಈಗ ಎಂಬತ್ತು ದಾಟಿರಬೇಕು. ಇದ್ದಾರೋ ಇಲ್ಲವೋ. ನಾನು ಅವರ ಮುಖವನ್ನು ಅವತ್ತು ಸರಿಯಾಗಿ ನೋಡಿಯೇ ಇರಲಿಲ್ಲ, ಈಗ ಗುರುತಿಸುವುದು ಹೇಗೆ? ನೆನಪಿರುವುದು ಶಾಯಿ ಅಂಟಿದ ಬೆರಳು, ಬಗ್ಗಿದ ತಲೆ, ಒಂದೊಂದೇ ಅಕ್ಷರ ಕೂಡಿಸಿ ಬರೆದ ಆ ರುಜು.

ಎಸ್ಲಿಂಗನ್ನಿನ ಮನೆಯ ಮೆಟ್ಟಿಲಿಳಿದು ಕ್ಷಮೆ ಕೇಳಲು ನನಗೆ ಸಾಧ್ಯವಾಯಿತು. ನ್ಯಾಮತಿಯ ಆ ತಾಯಿಯನ್ನು ಕೇಳಲು ಆಗಲಿಲ್ಲ. ಅವರಿಗೆ ಅಕ್ಷರ ಕಲಿಸಿದ ಮಗಳಾಗಲಿ, ಆ ಮಗಳ ಮಕ್ಕಳಾಗಲಿ ಈ ಪತ್ರಿಕೆ ಓದುತ್ತಿದ್ದರೆ, ಮನೆಯಲ್ಲಿ ಹೇಳಿ: ಆ ಗುಮಾಸ್ತ ತಪ್ಪಾಯಿತು ಎಂದು ಬರೆದಿದ್ದಾನೆ.